ಬಿಚ್ಚಿಟ್ಟ ಮನೆ

ಹೋದ ವಾರ ಜತ್ತ ಪೇಟೆಯ ಅಂಗಡಿಯೊಂದರಲ್ಲಿ ಯಾರೋ ಬೇವಿನ ಎಣ್ಣೆಯ ಡಬ್ಬಿ ತೆರೆದರು. ಆ ಕಹಿ ವಾಸನೆ ಮೂಗಿಗೆ ಬಡಿದದ್ದೇ, ನಾನು ಏನು ಕೊಳ್ಳಲು ಬಂದಿದ್ದೆ ಎಂಬುದೇ ಮರೆತುಹೋಯಿತು. ಬಾಜು ಮನೆಯ ಚಾಚಾನ ಕೈ ಹೀಗೇ ನಾರುತ್ತಿತ್ತು...

ಚಾಚಾ ಬಡಿಗತನ ಮಾಡುತ್ತಿದ್ದರು. ಅವರದು ಹಲಗೆಯ ಮೇಲೆ ಮಣ್ಣು ಹಾಸಿದ ಮಾಳಿಗೆಯ ಮನೆ. ತೊಲೆ, ಜಂತಿ, ಹಲಗೆ ಎಲ್ಲವೂ ಅವರೇ ಕೆತ್ತಿದವು. ಬೇಸಿಗೆಯಲ್ಲಿ ಒಳಗೆ ಹೋಗಿ ಕುಳಿತರೆ ಏಳಲು ಮನಸ್ಸಾಗುತ್ತಿರಲಿಲ್ಲ.

ವೇಗದ ರೈಲಿನ ಹಾದಿ ಇಲ್ಲೇ ಹಾಯುತ್ತದೆ ಎಂದು ಜಮೀನು ಅಳೆಯುವ ಮೋಜಣಿಯವರು ಬಂದು ಆ ಮನೆಯ ಗೋಡೆಗೆ ಕೆಂಪು ಗುರುತು ಹಾಕಿ ಹೋದರು. ಹಿಂದೆಯೇ, ನಮ್ಮ ಗಡಿಯೂರಿಗೆ ಬರುವ ಎಲ್ಲ ಸರಕಾರಿ ಕಾಗದದಂತೆ, ಮರಾಠಿಯಲ್ಲಿ ನೋಟೀಸು ಬಂತು. ನಾನು ಮರಾಠಿ ಸಾಲೆಯಲ್ಲಿ ಹತ್ತನೆಯವರೆಗೆ ಓದಿದವಳು.

"ಏನ್ ಬರದಾರ, ಓದವಾ" ಅಂದರು ಚಾಚಾ.

ಮಳೆಗಾಲದೊಳಗೆ ಜಾಗ ತೆರವು ಮಾಡಬೇಕು ಎಂದಿತ್ತು. ಅಷ್ಟನ್ನು ಓದಿ ಸುಮ್ಮನಿರಬೇಕಿತ್ತು. ನಾನು ಬುದ್ಧಿ ಹೇಳಿದೆ. "ಮಷೀನ ಬಂದ್ರ ಕಟಗಿ ಎಲ್ಲಾ ಪುಡಿ ಆಗತಾವ್ರಿ ಚಾಚಾ. ನೀವ ಮೊದ್ಲ ಬಿಚ್ಚಿ ಇಟ್ಕೋರಿ."

ಅವರು ನನ್ನ ಮಾತು ಕೇಳಿದರು. ಒಂದು ಜಂತಿಯೂ ಸೀಳದಂತೆ ತಮ್ಮ ಮನೆಯನ್ನು ತಾವೇ ಬಿಚ್ಚಿ, ಕಟ್ಟಿಗೆಯನ್ನೆಲ್ಲ ನಮ್ಮ ಕೊಟ್ಟಿಗೆಯಲ್ಲಿ ಒಟ್ಟಿದರು. ಅದೇ ಜಾಗದ ಮೂಲೆಯಲ್ಲಿ ತಗಡಿನ ಶೆಡ್ ಹಾಕಿಕೊಂಡು ಗಂಡಹೆಂಡತಿ ಇಳಿದುಕೊಂಡರು.

ಮಳೆಗಾಲ ಬಂದು ಹೋಯಿತು. ರೈಲಿನವರ ಸುಳಿವಿಲ್ಲ. ತಿರುಗಿ ಕಟ್ಟಿಕೊಳ್ಳಲೇ ಎಂದು ಕೇಳಲು ಚಾಚಾ ಕಚೇರಿಗೆ ಹೋದರು. ನಾನೂ ಜೊತೆಗಿದ್ದೆ. ಸಾಹೇಬರು ತಲೆ ಎತ್ತಲಿಲ್ಲ. "ಕಟ್ಟಬ್ಯಾಡ್ರಿ. ಇನ್ನೇನ್ ಕೆಲಸ ಚಾಲೂ ಆಗ್ತೈತಿ." ಮರುವರ್ಷ ಆ ಕುರ್ಚಿಯಲ್ಲಿ ಬೇರೆಯವರಿದ್ದರು. ಅವರೂ ಅದನ್ನೇ ಅಂದರು. ಅದರ ಮರುವರ್ಷವೂ...

ಬಸ್ಸಿನಲ್ಲಿ ಯಾರಾದರೂ ಕೆಣಕಿದರೆ ಚಾಚಾ ಹೇಳುತ್ತಿದ್ದರು, "ಈ ರೈಲು ಭಾಳ ಜೋರ ಐತೋ ತಮ್ಮಾ. ದಿನಾ ಹೊಂಟೈತಿ, ಕಣ್ಣಿಗಿ ಕಾಣವಲ್ದು ಅಷ್ಟ." ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಬೇಸಿಗೆಗೆ ಆ ತಗಡು ಕಾದ ಹಂಚು. ಚಾಚಿ ಕುಣಿಕೋಣೂರಿನ ಮಗಳ ಮನೆಗೆ ಹೋದರು. ಚಾಚಾ ಹೋಗಲಿಲ್ಲ. ತಾವಿಲ್ಲದಾಗ ರೈಲಿನವರು ಬಂದರೆ ಪರಿಹಾರದ ಪಟ್ಟಿಯಿಂದ ತಮ್ಮ ಹೆಸರೇ ಬಿಟ್ಟುಹೋದೀತು ಎಂಬ ಹೆದರಿಕೆ. ವರ್ಷಕ್ಕೊಮ್ಮೆ ನಮ್ಮ ಕೊಟ್ಟಿಗೆಗೆ ಬಂದು ಕಟ್ಟಿಗೆಗೆಲ್ಲ ಬೇವಿನ ಎಣ್ಣೆ ತಿಕ್ಕುತ್ತಿದ್ದರು, ಗೆದ್ದಲು ಹತ್ತಬಾರದೆಂದು. ಹಾಗೆ ತಿಕ್ಕುತ್ತಲೇ ಒಮ್ಮೆ ಅಂದರು, "ಸಾಯೂದ್ರೊಳಗ ನನ್ನ ಮಾಳಿಗಿ ಕೆಳಗ ಒಂದಿನಾ ಮಲಗಬೇಕವಾ."

ಹೋದ ಬೇಸಿಗೆಯ ಒಂದು ಮಧ್ಯಾಹ್ನ ಅವರು ಆ ತಗಡಿನ ಕೆಳಗೇ ತೀರಿಕೊಂಡರು.

ಹೂಳುವಾಗ ಖಬರಿನಲ್ಲಿ ಮಣ್ಣು ನೇರವಾಗಿ ಮೈಮೇಲೆ ಬೀಳಬಾರದೆಂದು ಮೇಲೆ ಹಲಗೆ ಹೊಂದಿಸುತ್ತಾರೆ. ಅದಕ್ಕೆಂದು ಚಾಚಾನ ಅಳಿಯ ನಮ್ಮ ಕೊಟ್ಟಿಗೆಗೆ ಬಂದ. ಮಾಳಿಗೆಯ ಹಲಗೆಗಳನ್ನು ನಾನೇ ತೆಗೆದುಕೊಟ್ಟೆ. ಎಣ್ಣೆ ಕುಡಿದು ಕಪ್ಪಾಗಿದ್ದವು. ಒಂದಕ್ಕೂ ಹುಳ ಹತ್ತಿರಲಿಲ್ಲ...

ನಿನ್ನೆ ಮತ್ತೆ ಮೋಜಣಿಯವರು ಬಂದರು. ಹಾದಿ ಈಗ ಹಳ್ಳದ ಆಚೆಗೆ ಸರಿದಿದೆಯಂತೆ. ಅವರಲ್ಲೊಬ್ಬ ಶುಭ ಸುದ್ದಿ ಹೇಳುವವನಂತೆ ನಗುತ್ತ ನನ್ನ ಬಾಗಿಲಿಗೆ ಬಂದ.

"ಬಾಜೂ ಜಾಗಾ ಬಿಟ್ಟೀವ್ರಿ ಅಕ್ಕಾರ. ಇನ್ನ ಮನಿ ಕಟ್ಕೊಳ್ಳಾಕ ಹರಕತ್ ಇಲ್ಲಂತ ಮಾಲಕರಿಗೆ ಹೇಳ್ರಿ."

ನಾನು ದನಿ ಎತ್ತುವವಳಲ್ಲ. "ನೀವ ಹೋಗಿ ಹೇಳ್ರಿ," ಅಂದೆ. "ಸಾಲಿ ಹಿಂದ ಖಬರಸ್ತಾನ ಐತಿ."

ಅವನು ಹೋಗಲಿಲ್ಲ. ಕಾಗದ ಮಡಚಿಕೊಂಡು ಜೀಪು ಹತ್ತಿದ.

ಇಂದು ಮುಂಜಾನೆ ನಾನೇ ಹೋದೆ. ಹೆಂಗಸರು ಒಳಗೆ ಹೋಗುವ ರೂಢಿಯಿಲ್ಲ, ಖಬರಸ್ತಾನದ ಗೋಡೆಯ ಹೊರಗೇ ನಿಂತೆ. ಆ ನೋಟೀಸಿನಂತೆ ಇದನ್ನೂ ಅವರಿಗೆ ನಾನೇ ತಿಳಿಸಬೇಕಿತ್ತು. ತಿಳಿಸದೆ ತಿರುಗಿ ಬಂದೆ.