ಹುಳುಮನೆಯ ಒಂದೇ ಒಂದು ಬಲ್ಬು

“ಆಂಟಿ, ಹತ್ತು ನಿಮಿಷ ಲೈಟ್ ಆಫ್ ಇರ್ಲಿ, ಪ್ಲೀಸ್!” ಎನ್ನುತ್ತಾ ಆ ಯುವಕ ನಮ್ಮ ರೇಷ್ಮೆ ಹುಳುಮನೆಯೊಳಗೆ ನುಗ್ಗಿ ಸ್ವಿಚ್ ಒತ್ತಿಯೇಬಿಟ್ಟ. ಹುಳುಗಳಿಗೆ ಸೊಪ್ಪು ಹಾಕುತ್ತಿದ್ದ ನಾನು ಕತ್ತಲಲ್ಲಿ ನಿಂತೆ. ಆವನಿ ಬೆಟ್ಟದ ಹತ್ತಿರದ ನಮ್ಮ ಹೊಲದ ಬದುವಿನಲ್ಲಿ ಸಂಜೆಯೇ ಬಂದು ನಕ್ಷತ್ರ ನೋಡಲು ಟೆಲಿಸ್ಕೋಪ್ ಹೂಡಿದ್ದ ಬೆಂಗಳೂರಿನ ತಂಡದವನು ಅವನು. ಬ್ಲೀಚಿಂಗ್ ಪುಡಿ ತುಳಿಯದೆ ನನ್ನ ಗಂಡನೂ ಆ ಹೊಸಿಲು ದಾಟುವುದಿಲ್ಲ. ಹುಳುವಿಗೆ ರೋಗ ತಗುಲಿದರೆ ಇಡೀ ಬೆಳೆ ಹೋಯಿತು. ಇವನು ಕೆಸರು ಮೆತ್ತಿದ ಬೂಟಿನಲ್ಲಿ ನಿಂತಿದ್ದ!

ಲೈಟ್ ಹಾಕಿ, “ಆಚೆ ನಡಿಯಪ್ಪಾ ಮೊದ್ಲು! ಯಾರು ನಿನ್ನ ಒಳಕ್ಕೆ ಬಿಟ್ಟೋರು?” ಎಂದು ಕೂಗಿದೆ.

ಅವನು ನಗುತ್ತಲೇ ಮೊಬೈಲ್ ಚಾಚಿದ. ಎಲ್ಲೆಲ್ಲಿ ಕತ್ತಲಿದೆ ಎಂದು ತೋರಿಸುವ ವೆಬ್‌ಸೈಟಂತೆ. “ನಿಮ್ಮೂರು ಸೂಪರ್ ಡಾರ್ಕ್ ಆಂಟಿ, ಲಕ್ಕಿ ನೀವು!”

“ಇಲ್ಲಿ ಮನುಷ್ಯರಿದಾರೆ ಅಂತ ಅದ್ರಲ್ಲಿ ತೋರ್ಸಲ್ವಾ?” ಎಂದು ಕೇಳಿ ಬಾಗಿಲು ಹಾಕಿಕೊಂಡೆ.

ಹುಳುಗಳಿಗೆ ಏನಾಗುತ್ತದೋ ಇನ್ನೂ ಗೊತ್ತಿಲ್ಲ. ಆ ವೆಬ್‌ಸೈಟನ್ನು ಮರುದಿನ ನಾನೂ ತೆರೆದೆ. ಚೆನ್ನಾಗಿಯೇ ಇದೆ. ನಮ್ಮೂರು ಕಪ್ಪು, ಬೆಂಗಳೂರು ಬೆಳ್ಳಗೆ ಧಗಧಗ. ಅಷ್ಟೂ ದೀಪ ಅಲ್ಲಿ ಉರಿಯಲು ಬಿಟ್ಟು, ನನ್ನ ಒಂದು ಬಲ್ಬು ಆರಿಸಲು ಇಷ್ಟು ದೂರ ಬಂದಿದ್ದರು.