ಕಸ್ತೂರಿ ಎತ್ತಲು ಕಲಿತದ್ದು

ಬಾಳೆಗೊನೆ ತುಂಬಿದ ಲಾರಿಯ ಮೇಲಿಂದ ಸಿದ್ದಣ್ಣ ಬಿದ್ದಾಗ ಕೆಳಗಿದ್ದವರು ನಕ್ಕಿದ್ದರಂತೆ. ಅಷ್ಟೇನೂ ಎತ್ತರವಲ್ಲ, ಈಗ ಎದ್ದು ಬೈಯುತ್ತಾನೆ ಅಂದುಕೊಂಡಿದ್ದರು. ಅವನು ಏಳಲಿಲ್ಲ. ಕಮಲಾಪುರದಲ್ಲಿ ಗೊನೆ, ಚೀಲ ಅನ್ನದೆ ಹೊತ್ತು ಹಾಕುತ್ತಿದ್ದ ಹಮಾಲ, ಸೊಂಟದಿಂದ ಕೆಳಗೆ ಜೀವವಿಲ್ಲದವನಾಗಿ ಮನೆಗೆ ಬಂದ. ಅಂದಿನಿಂದ ಅವನ ಹೆಂಡತಿ ಕಸ್ತೂರಿಯ ಬದುಕು ಅವನನ್ನು ಎತ್ತುವುದರ ಸುತ್ತಲೇ ತಿರುಗತೊಡಗಿತು.

ಒಂದೇ ಮಗ್ಗುಲಲ್ಲಿ ಮಲಗಿಸಿದರೆ ಬೆನ್ನು ಹುಣ್ಣಾಗುತ್ತದೆ, ಹೊರಳಿಸುತ್ತಿರಬೇಕು, ದಿನಾ ಸ್ವಲ್ಪ ಹೊತ್ತು ಕುರ್ಚಿಯಲ್ಲಿ ಕೂಡಿಸಬೇಕು ಎಂದು ಡಾಕ್ಟರು ಹೇಳಿದ್ದರು. ಬೆಳಿಗ್ಗೆ ಮೈದುನ ಜಗದೇವಪ್ಪ ಅಣ್ಣನ ಕಂಕುಳಿಗೆ ಕೈ ಹಾಕುತ್ತಿದ್ದ, ಇವಳು ಕಾಲು ಹಿಡಿಯುತ್ತಿದ್ದಳು. ಆಮೇಲೆ ಅತ್ತೆ ಪುತಳಾಬಾಯಿಯನ್ನು ಕಾವಲಿಗೆ ಬಿಟ್ಟು ಕಲಬುರಗಿಯ ಬಸ್ಸು ಹಿಡಿಯುತ್ತಿದ್ದಳು. ಜೇವರ್ಗಿ ಕಾಲೋನಿಯಲ್ಲಿ ಹೆಂಗಸರ ಜಿಮ್ ಒಂದಿತ್ತು. ಅದರ ಕಸ ಹೊಡೆದು, ಕನ್ನಡಿ ಒರೆಸುವುದು ಅವಳ ಕೆಲಸ.

ದಸರೆಗೆ ಮುಂಚೆ ಜಗದೇವಪ್ಪ ಅಂಗಳದಲ್ಲಿ ನಿಂತು ನೆಲ ನೋಡುತ್ತ ಹೇಳಿದ, “ವೈನಿ, ಸೋಲಾಪುರದಾಗ ಕೆಲಸ ಸಿಕ್ಕದ. ದೀಪಾವಳಿ ಮುಗಿದ ಮ್ಯಾಲ ಹೋಗ್ತೀನಿ. ನೀವು ಬ್ಯಾರೇ ಏನರ ನೋಡ್ಕೋರಿ.”

ಬೇರೆ ಏನೂ ಇರಲಿಲ್ಲ. ಮರುದಿನ ಕನ್ನಡಿ ಒರೆಸುತ್ತ ಕಸ್ತೂರಿ ಅದರೊಳಗೆ ಕಾಣುತ್ತಿದ್ದ ಹೆಂಗಸರನ್ನು ನೋಡಿದಳು. ತನಗಿಂತ ಸಣಕಲು ಮೈಯವರು ಕಬ್ಬಿಣದ ರಾಡು ನೆಲದಿಂದ ಎತ್ತಿ ನಿಲ್ಲುತ್ತಿದ್ದರು. ಎಲ್ಲರೂ ಹೋದ ಮೇಲೆ ಅಲ್ಲಿ ಕಲಿಸುತ್ತಿದ್ದ ಅಂಬರೀನ್‌ಳ ಬಳಿ ಹೋದಳು.

“ಮೇಡಂ, ನನಗೂ ಇದು ಕಲಸ್ರಿ.”

“ಯಾಕಕ್ಕಾ?”

“ಮನ್ಯಾಗ ಗಂಡನ್ನ ಎತ್ತಬೇಕ್ರಿ.”

ಅಂಬರೀನ್ ನಗಲಿಲ್ಲ. ಅವಳ ಕೈಗೆ ರಾಡಿನ ಬದಲು ಒಂದು ಕಟ್ಟಿಗೆಯ ಕೋಲು ಕೊಟ್ಟಳು. ಬೆನ್ನು ಬಾಗಿಸದೆ ಸೊಂಟ ಹಿಂದಕ್ಕೆ ತಳ್ಳುವುದು, ಅಂಗಾಲು ನೆಲಕ್ಕೆ ಒತ್ತುವುದು, ಉಸಿರು ತುಂಬಿಕೊಂಡು ಏಳುವುದು. ಕೆಲವು ದಿನ ಅಷ್ಟೇ. ಕಸ್ತೂರಿಗೆ ನಾಚಿಕೆಯೂ ಆಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ಕೋಲು ಎತ್ತಲಿಕ್ಕೆ ಯಾರಾದರೂ ಕಲಿಯುತ್ತಾರೆಯೇ?

ಆಮೇಲೆ ಖಾಲಿ ರಾಡು ಬಂತು. ಮುಂದೆ ಅದರ ತುದಿಗಳಿಗೆ ಸಿಕ್ಕಿಸುವ, ಅತಿ ಸಣ್ಣ ಭಾರದ ಪ್ಲೇಟುಗಳು. “ಕಡೀ ಸಲ ಎತ್ತಿದ್ದು ಮೊದಲ್ನೇ ಸಲದಂಗ ಸಾಫ್ ಇರಬೇಕು,” ಎಂದು ಅಂಬರೀನ್ ಹೇಳುತ್ತಿದ್ದಳು. “ಅದು ಎರಡು ದಿನ ಹಂಗೇ ಬಂದ್ರ ಮಾತ್ರ ಇನ್ನೊಂದು ಸಣ್ಣ ಪ್ಲೇಟ್. ಮೈ ನಡುಗಿತು, ಬೆನ್ನು ಬಾಗಿತು ಅಂದ್ರ ಇದ್ದಷ್ಟರಾಗೇ ಇರಬೇಕು. ಖಂಡ ಬೇಗ ಕಲೀತದ ಅಕ್ಕಾ. ಎಲುಬು, ಕೀಲು ಕಲಿಯಾಕ ತಿಂಗಳಾನುಗಟ್ಲೆ ಬೇಕು. ಹೊಸಬರು ಮೋಸ ಹೋಗೋದು ಅಲ್ಲೇ.”

ಕಸ್ತೂರಿ ತಲೆಯಾಡಿಸಿದಳು. ಆದರೆ ಅವಳ ಮೈ ಬೇರೆಯೇ ಹೇಳುತ್ತಿತ್ತು. ಪ್ರತಿ ವಾರ ಹಿಂದಿನ ವಾರದ ಭಾರ ಹಗುರಾಗುತ್ತಿತ್ತು. ಬಸ್ಸಿನ ಮೆಟ್ಟಿಲು ಹತ್ತುವಾಗ ತೊಡೆಯಲ್ಲಿ ಹೊಸದೊಂದು ಬಿಗಿ. ದೀಪಾವಳಿಯ ಪಾಡ್ಯದ ದಿನ ಜಗದೇವಪ್ಪ ಇನ್ನೂ ಎದ್ದಿರಲಿಲ್ಲ. ಅವಳು ಗಂಡನ ಎದೆಗೆ ಎದೆ ಕೊಟ್ಟು, ಬೆನ್ನ ಹಿಂದೆ ಕೈ ಹೆಣೆದು, ಒಬ್ಬಳೇ ಮಂಚದಿಂದ ಕುರ್ಚಿಗೆ ಸರಿಸಿದಳು. ಕುರ್ಚಿಯನ್ನು ಬಾಗಿಲ ತನಕ ಎಳೆದು ತಂದಳು. ಸಿದ್ದಣ್ಣ ಬೀದಿ ನೋಡುತ್ತ ಕೂತ. ಎಷ್ಟೋ ದಿನಕ್ಕೆ ಅವನ ಮುಖದಲ್ಲಿ ನಗೆ ಕಂಡಿತು.

“ನಾ ಹಮಾಲಿಗೆ ಹೋದ ಮೊದಲ್ನೇ ದಿನಾನೇ ಪೂರಾ ಚೀಲ ಎತ್ತಿದ್ದೆ,” ಅಂದ. “ನಿಮ್ ಮೇಡಂ ಪುಟ್ಟಪುಟ್ಟ ಬಿಲ್ಲಿ ಹಾಕಿ ಕೂಡಸ್ಯಾಳ. ಹಾಕು, ಜಾಸ್ತಿ ಹಾಕು. ಏನಾಗಲ್ಲ.”

ಆದರೆ ಆ ದಿನ ಅವನೂ ಸಹಾಯ ಮಾಡಿದ್ದ, ತೋಳಿನಿಂದ ಅವಳ ಕೊರಳು ಹಿಡಿದು. ಜಗದೇವಪ್ಪ ಹೋದ ಮೇಲೆ ಎಲ್ಲ ದಿನವೂ ಹಾಗಿರಲಿಲ್ಲ. ಚಳಿ ಏರಿದಂತೆ ಸಿದ್ದಣ್ಣನ ಕೈಯೂ ಸೋತಿತು, ಮನಸ್ಸೂ ಸೋತಿತು. ಎರಡು ಸಲ ಅವನು ಅವಳ ಹಿಡಿತದಿಂದ ಜಾರಿ ಕುಸಿದ. ಪಕ್ಕದ ಮನೆಯ ನಬಿಸಾಬ್ ಓಡಿ ಬಂದು ಎತ್ತಿದ. ಸಿದ್ದಣ್ಣನ ಕೆಳಬೆನ್ನ ಮೇಲೆ ಕೆಂಪು ಕಲೆಯೊಂದು ಮೂಡಿತು. ಕಸ್ತೂರಿ ಅದನ್ನು ದಿನಾ ನೋಡುತ್ತಿದ್ದಳು, ಅದು ಆರುತ್ತಿರಲಿಲ್ಲ.

ಅದೇ ಹೊತ್ತಿಗೆ ಅಂಬರೀನ್‌ಳ ತಾಯಿಗೆ ಹುಷಾರು ತಪ್ಪಿತು. ಬೀದರಿಗೆ ಹೊರಡುವಾಗ ಅವಳು ಜಿಮ್ಮಿನ ಕೀಲಿ ಕಸ್ತೂರಿಯ ಕೈಗೆ ಕೊಟ್ಟಳು. “ಬಂದೋರಿಗೆ ಬಾಗಲಾ ತೆಗಿ, ಕಸ ಹೊಡಿ, ಸಾಕು. ನಾ ಬರೋ ತನಕ ಭಾರ ಏರಸಬ್ಯಾಡ.”

ಮೊದಲ ದಿನ ಕಸ್ತೂರಿ ಒಂದು ಪ್ಲೇಟು ಹೆಚ್ಚು ಹಾಕಿದಳು. ಎದ್ದಿತು. ಮರುದಿನ ಇನ್ನೊಂದು. ಬೆನ್ನು ತುಸು ಬಾಗಿತ್ತು. ಕನ್ನಡಿಯಲ್ಲಿ ಅದು ಅವಳಿಗೂ ಕಂಡಿತ್ತು. ನೋಡದವಳಂತೆ ಇದ್ದಳು. ಬೆಳಿಗ್ಗೆ ಏಳುವಾಗ ಸೊಂಟ ಹಿಡಿದುಕೊಂಡಿರುತ್ತಿತ್ತು, ಅದು ಚಳಿಗೆ ಅಂದುಕೊಂಡಳು. ಆ ವಾರದ ಕೊನೆಗೆ, ಹೆಂಗಸರು ಬರುವ ಮುಂಚೆ, ಸಣ್ಣ ಪ್ಲೇಟುಗಳನ್ನು ತೆಗೆದು ದೊಡ್ಡವನ್ನೇ ಹಾಕಿದಳು. ಸಿದ್ದಣ್ಣನನ್ನು ಒಬ್ಬಳೇ ಎತ್ತಬೇಕಾದರೆ ಇಷ್ಟು ಬೇಕೇ ಬೇಕು ಎಂದು ಲೆಕ್ಕ ಹಾಕಿದ್ದಳು.

ರಾಡು ಮೊಣಕಾಲ ತನಕ ಬಂತು. ಆಮೇಲೆ ಸೊಂಟದೊಳಗೆ ಏನೋ ಕಿತ್ತಂತಾಯಿತು, ಎಡಗಾಲಿನುದ್ದಕ್ಕೂ ಬೆಂಕಿ ಇಳಿಯಿತು. ಕೈಯಿಂದ ರಾಡು ಬಿತ್ತು. ತಾನೇ ಒರೆಸಿದ್ದ ನೆಲದ ಮೇಲೆ ಅವಳು ಮಗ್ಗುಲಾಗಿ ಬಿದ್ದಿದ್ದಳು. ಮೊದಲು ಬಂದ ಹೆಂಗಸರು ಕೂಗಿಕೊಂಡಾಗ ಅವಳ ಬಾಯಲ್ಲಿ ಇದ್ದದ್ದು ಒಂದೇ ಮಾತು, “ನನ್ನ ಮನಿಗೆ ಒಯ್ರಿ, ಅವರನ್ನ ಹೊಳ್ಳಸಬೇಕು.”

ಬೆನ್ನುಮೂಳೆಯ ನಡುವಿನ ಮೆತ್ತೆ ಜರುಗಿ ನರ ಒತ್ತುತ್ತಿದೆ ಎಂದು ಡಾಕ್ಟರು ಹೇಳಿದರು. ಭಾರ ಎತ್ತುವುದಿರಲಿ, ಬಗ್ಗುವುದೂ ಬೇಡ ಅಂದರು. ಕಮಲಾಪುರದ ಆ ಒಂದೇ ಕೋಣೆಯಲ್ಲಿ ಗಂಡ ಮಂಚದ ಮೇಲೆ, ಹೆಂಡತಿ ನೆಲದ ಮೇಲೆ ಮಲಗಿದರು. ಪುತಳಾಬಾಯಿ ಹಾಸಿಗೆಯ ಬಟ್ಟೆ ಜಗ್ಗಿ ಜಗ್ಗಿ ಮಗನನ್ನು ಹೊರಳಿಸಲು ನೋಡುತ್ತಿದ್ದಳು. ಮುದುಕಿಗೆ ಉಸಿರು ಹತ್ತುತ್ತಿತ್ತೇ ಹೊರತು ಅವನು ಅಲುಗುತ್ತಿರಲಿಲ್ಲ. ನಬಿಸಾಬ್ ಮತ್ತು ಅವನ ಹೆಂಡತಿ ಕುಲ್ಸುಮ್ ಕೈ ಬಿಡುವಾದಾಗ ಬಂದು ಹೋಗುತ್ತಿದ್ದರು. ಅವರಿಗೂ ಅವರ ದುಡಿಮೆ ಇತ್ತು.

ಕೆಂಪು ಕಲೆ ಕಪ್ಪಾಯಿತು, ಒಡೆಯಿತು. ವಾಸನೆ ಮೊದಲು ಗೊತ್ತಾದದ್ದು ಕಸ್ತೂರಿಗೆ, ನೆಲದಿಂದ.

“ನಾನೇ ಹೇಳಿದ್ದೆ, ಜಾಸ್ತಿ ಹಾಕು ಅಂತ,” ಒಂದು ಮಧ್ಯಾಹ್ನ ಸಿದ್ದಣ್ಣ ಸೂರು ನೋಡುತ್ತ ಅಂದ.

“ನೀವು ಹೇಳಿದ್ದಕ್ಕಲ್ಲ.”

“ಮತ್ಯಾಕ?”

ಅವಳು ಕೈ ಚಾಚಿದಳು. ಮಂಚದ ಅಂಚಿಗೆ ಅವಳ ಬೆರಳು ಮುಟ್ಟಿತು, ಅವನ ಕೈ ಕೆಳಗೆ ಇಳಿದು ಅದನ್ನು ಹಿಡಿಯಿತು.

ಜ್ವರ ಬಂದ ಮೇಲೆ ಜಗದೇವಪ್ಪ ಸೋಲಾಪುರದಿಂದ ಬಂದು ಸೇಡಂ ರಸ್ತೆಯ ಆಸ್ಪತ್ರೆಗೆ ಸೇರಿಸಿದ. ವಿಷ ರಕ್ತಕ್ಕೆ ಏರಿತ್ತು. ಶಿವರಾತ್ರಿಗೆ ಮುಂಚೆ ಸಿದ್ದಣ್ಣ ಸತ್ತ. ಹೊರಳಿಸಿದ್ದರೂ ಇಂಥವರಿಗೆ ಹೀಗಾಗುವುದುಂಟು ಎಂದು ಡಾಕ್ಟರು ಸಮಾಧಾನ ಹೇಳಿದರು. ಕಸ್ತೂರಿ ಕೇಳಿಸಿಕೊಂಡಳು. ಪುತಳಾಬಾಯಿ ಸೊಸೆಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಎಂದು ಕಸ್ತೂರಿಗೆ ಅನೇಕ ಸಲ ಅನ್ನಿಸಿತು.

ಬೇಸಿಗೆಗೆ ಅವಳು ನಡೆಯುವಂತಾದಳು. ಆದರೆ ಕಸಬರಿಗೆ ಹಿಡಿದು ಬಗ್ಗಿದರೆ ಕಾಲು ಜುಮುಗುಟ್ಟುತ್ತಿತ್ತು. ಬೆನ್ನಿಗೆ ಬಲ ಬರದಿದ್ದರೆ ದುಡಿಯಲಾಗುವುದಿಲ್ಲ, ನಿಧಾನಕ್ಕೆ ವ್ಯಾಯಾಮ ಮಾಡು ಎಂದು ಡಾಕ್ಟರು ಹೇಳಿದ್ದರು. ಅವಳು ಮತ್ತೆ ಜೇವರ್ಗಿ ಕಾಲೋನಿಗೆ ಹೋದಳು. ಅಂಬರೀನ್ ಅವಳನ್ನು ಕಂಡು ಕೈಯಲ್ಲಿದ್ದ ಪ್ಲೇಟು ಕೆಳಗಿಟ್ಟು ಹತ್ತಿರ ಬಂದಳು.

“ಆ ಕೀಲಿ ನಿನ್ನ ಕೈಗೆ ಕೊಡಬಾರದಿತ್ತು ಅಕ್ಕಾ.”

“ಕೀಲಿ ಏನ್ ಮಾಡ್ತದ್ರಿ ಮೇಡಂ. ಕೋಲು ಕೊಡ್ರಿ.”

ಕೋಲಿನಿಂದಲೇ ಶುರುವಾಯಿತು. ಮಳೆ ಬರುವ ಹೊತ್ತಿಗೆ ಖಾಲಿ ರಾಡು. ಒಂದು ದಿನ ಕಡೆಯ ಸಲವೂ ಮೊದಲ ಸಲದಷ್ಟೇ ಸಾಫಾಗಿ ಬಂತು. ಮುಂದಿನ ಸಲವೂ ಹಾಗೇ ಬಂತು. ಅಂಬರೀನ್ ಅತಿ ಸಣ್ಣ ಪ್ಲೇಟು ಕೈಯಲ್ಲಿ ಹಿಡಿದು ಕೇಳಿದಳು, “ಹಾಕ್ಲೇನು?”

ಕಸ್ತೂರಿ ಸೆರಗಿನಿಂದ ಬೆವರು ಒರೆಸಿಕೊಂಡಳು.

“ಬ್ಯಾಡ್ರಿ. ಮುಂದಿನ ವಾರ ನೋಡೋಣ. ಈಗ ನನಗೇನ್ ಅವಸರ ಅದ?”