ಕಣ್ಣಿನ ಬಿಳಿ

ಗಾಜಿನ ಲೋಟದಲ್ಲಿದ್ದ ಹಾಲು ಹಳದಿಯಾಗಿತ್ತು. ಮೇಜಿನ ಮೇಲಿನ ಬಟ್ಟೆ, ಹಿಂದಿನ ಗೋಡೆ, ಲೋಟ ಹಿಡಿದ ಹುಡುಗಿಯ ಕೆನ್ನೆ, ಎಲ್ಲವೂ ಹಳದಿ.

ಅದು ಇಟಲಿಯಿಂದ ಬಂದ ಒಂದು ಭಯಾನಕ ಕೊಲೆಚಿತ್ರದ ಮೂರನೆಯ ರೀಲು. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ನ್ಯೂಜೆರ್ಸಿಯ ಒಂದು ಫಿಲ್ಮ್ ಲ್ಯಾಬಿನಲ್ಲಿದ್ದೆ. ಮೈಸೂರಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಬಂದವಳಿಗೆ ಸಿಕ್ಕಿದ್ದು ಬಣ್ಣ ನೋಡುವ ಕೆಲಸ. ಥಿಯೇಟರುಗಳಿಗೆ ಹೋಗುವ ಪ್ರತಿಗಳನ್ನು ತೆಗೆಯುವಾಗ ಯಾವ ದೃಶ್ಯಕ್ಕೆ ಎಷ್ಟು ಕೆಂಪು, ಎಷ್ಟು ಹಸಿರು, ಎಷ್ಟು ನೀಲಿ ಬೆಳಕು ಕೊಡಬೇಕೆಂದು ನಾನು ಬರೆದುಕೊಡಬೇಕಿತ್ತು.

ವಾಸ ನದಿಯಾಚೆ ಜ್ಯಾಕ್ಸನ್ ಹೈಟ್ಸ್‌ನಲ್ಲಿ, ಅಕ್ಕ ಮತ್ತು ಭಾವನ ಜೊತೆ. ಅಕ್ಕ ಶುಕ್ರವಾರ ಮುಖಕ್ಕೆ ಅರಿಶಿನ ಹಚ್ಚಿ ಸ್ನಾನ ಮಾಡುವುದನ್ನು ಇಲ್ಲಿಗೆ ಬಂದ ಮೇಲೂ ಬಿಟ್ಟಿರಲಿಲ್ಲ. ಕಸ್ತೂರಿ ಅರಿಶಿನ ಸಿಗದೆ ಅಡುಗೆಯ ಅರಿಶಿನವನ್ನೇ ಹಚ್ಚಿಕೊಳ್ಳುತ್ತಿದ್ದಳು. ಅದರ ಬಣ್ಣ ಬೇಗ ಹೋಗುವುದಿಲ್ಲ.

ಆ ರೀಲು ಬರುವ ಮೂರು ವಾರ ಮೊದಲು, ಒಂದು ಬುಧವಾರ, ಅವಳು ತಟ್ಟೆಯಲ್ಲಿ ಅನ್ನ ಹಾಗೇ ಬಿಟ್ಟು ಎದ್ದಳು. ಕೆಲವು ದಿನಗಳಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ.

“ಅಕ್ಕ, ಮುಖ ಯಾಕೋ ಹಳದಿ ಕಾಣ್ತಿದೆ.”

“ಅರಿಶಿನ ಕಣೇ. ದಿನವಿಡೀ ಬಣ್ಣ ನೋಡಿ ನೋಡಿ ಮನೆಗೆ ಬಂದ್ರೂ ನಿಂಗೆ ಅದೇ. ನನ್ನೂ ಲ್ಯಾಬಿಗೆ ತಗೊಂಡು ಹೋಗು, ತೊಳೆದು ಕೊಡ್ತಾರೆ.”

ಭಾವ ಜೋರಾಗಿ ನಕ್ಕರು. ಬುಧವಾರ ಅರಿಶಿನದ ದಿನವಲ್ಲ ಎಂಬುದು ನನ್ನ ಮನಸ್ಸಿಗೆ ಬಂತು. ಶುಕ್ರವಾರದ್ದು ಇನ್ನೂ ಉಳಿದಿರಬೇಕು ಎಂದುಕೊಂಡೆ. ಒಂದು ಮಾತನ್ನು ಎರಡು ಸಲ ಕೇಳುವುದು ನನ್ನ ಸ್ವಭಾವವೂ ಅಲ್ಲ.

ಲ್ಯಾಬಿನ ಮೇಲ್ವಿಚಾರಕ ನ್ಯೂಜೆರ್ಸಿಯಲ್ಲೇ ಹುಟ್ಟಿದ ಇಟಾಲಿಯನ್ ಮನೆತನದ ಮುದುಕ. ಪರದೆಯ ಮೇಲಿನ ಹಾಲನ್ನು ನೋಡಿ ಮುಖ ಗಂಟಿಕ್ಕಿದ. “ನಮ್ಮ ಜನಕ್ಕೆ ಅಡುಗೆ ಬರುತ್ತೆ, ಲ್ಯಾಬ್ ಕೆಲಸ ಬರಲ್ಲ. ನೆಗೆಟಿವ್ ಹಾಳಾಗಿದೆ. ಹಳದಿ ತೆಗೆದುಬಿಡು.”

ಆ ದೃಶ್ಯವನ್ನು ನಾನು ಹತ್ತು ಸಲವಾದರೂ ನೋಡಿದ್ದೆ. ಬಾಗಿಲ ಪಕ್ಕ ಗೂಟಕ್ಕೆ ಒಂದು ಉದ್ದನೆಯ ಕೋಟು ತೂಗುಹಾಕಿದಂತೆ ಕಾಣುತ್ತದೆ. ಹುಡುಗಿ ಅದನ್ನು ನೇರವಾಗಿ ನೋಡುತ್ತಾಳೆ, ಹಾಲು ಕುಡಿಯುತ್ತಾಳೆ. ಅದು ಕೋಟಲ್ಲ, ಗೋಡೆಗೆ ಒತ್ತಿ ನಿಂತ ಮನುಷ್ಯ. ಹಳದಿ ತೆಗೆದರೆ ಆ ಮನುಷ್ಯ ಮೊದಲೇ ಬೇರೆಯಾಗಿ ಕಂಡುಬಿಡುತ್ತಾನೆ. ಇಡೀ ಕೋಣೆಗೆ ಹಳದಿ ಬೆಳಕು ತುಂಬಿದ ಛಾಯಾಗ್ರಾಹಕ ಹುಡುಗಿಯ ಕಣ್ಣಿನ ಮೇಲೆ ಮಾತ್ರ ಒಂದು ಬೆರಳಗಲದ ಬಿಳಿ ಬೆಳಕು ಬಿಟ್ಟಿದ್ದ.

“ಅವಳ ಕಣ್ಣು ನೋಡಿ,” ಎಂದೆ. “ಬಿಳಿ ಭಾಗ ಬಿಳಿಯಾಗೇ ಇದೆ. ಫಿಲ್ಮಿನಲ್ಲೇ ದೋಷ ಇದ್ದಿದ್ದರೆ ಅದೂ ಹಳದಿಯಾಗಬೇಕಿತ್ತು. ಇದು ಹೊರಗಿನಿಂದ ಹಚ್ಚಿದ ಬಣ್ಣ.”

ಮುದುಕ ರೀಲನ್ನು ಹಿಂದಕ್ಕೆ ಓಡಿಸಿ ಮತ್ತೊಮ್ಮೆ ನೋಡಿದ. “ಸರಿ, ಹಾಗೇ ಇರಲಿ. ಮಿಸ್, ನಿನಗೆ ಮಾತು ಬರುತ್ತೆ ಅಂತ ಇವತ್ತೇ ಗೊತ್ತಾಗಿದ್ದು.”

ಸೇತುವೆ ದಾಟುವ ಬಸ್ಸಿನಲ್ಲಿ ಕುಳಿತಾಗ ನನ್ನದೇ ಮಾತು ನನಗೆ ಮತ್ತೆ ಕೇಳಿಸಿತು. ಆಮೇಲಿನ ದಾರಿ ನೆನಪಿಲ್ಲ. ಮನೆಗೆ ಬಂದಾಗ ಹೊರಗೆ ಇನ್ನೂ ಬಿಸಿಲಿತ್ತು. ಮಲಗಿದ್ದ ಅಕ್ಕನನ್ನು ಎಬ್ಬಿಸಿ ಕಿಟಕಿಯ ಹತ್ತಿರ ಕರೆತಂದು ರೆಪ್ಪೆ ಎತ್ತಿ ನೋಡಿದೆ. ಬಿಳಿ ಭಾಗ ಹಳದಿಯಾಗಿತ್ತು. ಅರಿಶಿನ ಕಣ್ಣಿನೊಳಗೆ ಹೋಗುವುದಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದರು. “ಇವತ್ತೇ ನೋಡಿದ್ದು,” ಎಂದರು ಭಾವ. ನಾನು ಪಕ್ಕದಲ್ಲೇ ನಿಂತಿದ್ದೆ.

ಯಕೃತ್ತು ಆಗಲೇ ಬಹಳ ಕೆಟ್ಟಿತ್ತು. ಅಕ್ಕ ಹದಿನೆಂಟು ದಿನ ಬದುಕಿದ್ದಳು. ಕೊನೆಯ ವಾರ ಅವಳಿಗೆ ನನ್ನ ಗುರುತು ಸಿಗುತ್ತಿರಲಿಲ್ಲ. ಮೊದಲೇ ಬಂದಿದ್ದರೆ ಉಳಿಯುತ್ತಿದ್ದಳೇ ಎಂದು ಭಾವ ಕೇಳಿದರು. ಹೇಳಲಾಗದು ಎಂದರು ಡಾಕ್ಟರು.

ದಹನ ಮುಗಿಸಿ ಬಂದ ಸಂಜೆ ಪರಿಚಯದ ಆಂಟಿಯೊಬ್ಬರು ಮೊಸರನ್ನ ತಂದಿದ್ದರು. ಭಾವ ಅವರಿಗೆ ಹೇಳುತ್ತಲೇ ಇದ್ದರು. “ಯಾರಿಗೆ ಗೊತ್ತಾಗತ್ತೆ ಆಂಟಿ? ಮುಖಕ್ಕೆ ಅರಿಶಿನ ಹಚ್ಕೋತಿದ್ಲು. ಒಬ್ರಿಗೂ ಕಾಣ್ಲಿಲ್ಲ. ನಾನು ಗಂಡ, ದಿನಾ ಎದುರಿಗೇ ಇದ್ದೆ, ನಂಗೇ ಕಾಣ್ಲಿಲ್ಲ.”

“ನಿಮ್ಮ ತಪ್ಪಲ್ಲಪ್ಪ,” ಎಂದು ಆಂಟಿ ಮತ್ತೆ ಮತ್ತೆ ಹೇಳಿದರು. ಭಾವ ನಂಬಲಿಲ್ಲ.

ಮಾರನೆಯ ಬೆಳಿಗ್ಗೆ ಭಾವ ಅಡುಗೆಮನೆಯಲ್ಲಿ ಒಬ್ಬರೇ ಕುಳಿತಿದ್ದರು. ನಾನು ಎದುರಿನ ಕುರ್ಚಿ ಎಳೆದು ಕುಳಿತೆ.

“ಭಾವ, ಅವತ್ತು ಬುಧವಾರ,” ಎಂದೆ. “ನಂಗೆ ಕಂಡಿತ್ತು. ಬುಧವಾರ ಅವಳು ಅರಿಶಿನ ಹಚ್ಚಲ್ಲ ಅಂತಾನೂ ಗೊತ್ತಿತ್ತು.”